ಎಂಟು ಎಚ್‌ಪಿ ಎಂಜಿನ್, ಐದು ಕೆವಿಎ ಆಲ್ಟರ್ನೇಟರ್, ಮೂರು ಎಚ್‌ಪಿ ಪಂಪು

ಮಲೆನಾಡಿನ ಮಳೆಯನ್ನು ಮಾತ್ರ ನೋಡಿದವರಿಗೆ ಇಲ್ಲಿನ ಅಡಿಕೆ ತೋಟಕ್ಕೂ ನೀರು ಹಾಯಿಸಬೇಕು ಎಂದರೆ ನಂಬಿಕೆ ಬರುವುದಿಲ್ಲ. ಜನವರಿ ಕಳೆದ ಮೇಲೆ ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ನೆಲ ಬಿರುಸಾಗುತ್ತದೆ, ಅಡಿಕೆಯ ಹೂಗೊನೆಯಾದ ಹಿಂಗಾರ ಒಡೆಯುವ ಹೊತ್ತಿಗೆ ಮರಕ್ಕೆ ತಂಪು ಬೇಕೇ ಬೇಕು. ಹಳ್ಳದಲ್ಲಿ ನೀರಿದೆ, ದಡದಲ್ಲಿ ಪಂಪಿದೆ. ಇಲ್ಲದ್ದು ಬೇಕಾದ ಹೊತ್ತಿಗೆ ಮೂರು ಫೇಸ್ ಕರೆಂಟು. ಅದಕ್ಕಾಗಿ ಈ ಸಲ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಹನ್ನೆರಡು ವರ್ಷದಿಂದ ಸುಮ್ಮನೆ ಕುಳಿತಿದ್ದ ಅಜ್ಜನ ಕಾಲದ ಡೀಸೆಲ್ ಎಂಜಿನ್ನನ್ನು ಎಬ್ಬಿಸಿ, ಅದಕ್ಕೆ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಒಂದನ್ನು ಕಟ್ಟಿ, ಪಂಪನ್ನು ನಾನೇ ಓಡಿಸಬೇಕೆಂದು ಹೊರಟೆ.

ಕೆಲಸಕ್ಕೆ ಕೈಹಾಕುವ ಮೊದಲು ಮೂರು ತಗಡುಗಳನ್ನು ಒರೆಸಿ ಓದಿದೆ. ಎಂಜಿನ್ನಿನ ಹಿತ್ತಾಳೆ ತಗಡಿನಲ್ಲಿ 8 ಬಿಎಚ್‌ಪಿ (ಬ್ರೇಕು ಕಟ್ಟಿ ಅಳೆದ ಅಶ್ವಶಕ್ತಿ), 850 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಹಳೆಯ ಹಿಟ್ಟಿನ ಗಿರಣಿಯೊಂದರಿಂದ ತಂದ ಆಲ್ಟರ್ನೇಟರಿನ ಮೇಲೆ 5 ಕೆವಿಎ, ಪವರ್ ಫ್ಯಾಕ್ಟರ್ 0.8, 415 ವೋಲ್ಟ್, 1500 ಆರ್‌ಪಿಎಂ. ಪಂಪಿನ ಮೋಟಾರಿನ ಮೇಲೆ 3.0 ಎಚ್‌ಪಿ, ಅದರ ಪಕ್ಕದಲ್ಲೇ 2.2 ಕಿಲೋವ್ಯಾಟ್. ಎಂಟು, ಐದು, ಮೂರು. ದೊಡ್ಡದರಿಂದ ಚಿಕ್ಕದಕ್ಕೆ ಇಳಿದು ಬರುತ್ತಿದೆ, ಇನ್ನೇನು ಯೋಚನೆ ಎಂದುಕೊಂಡೆ. ಅದು ತಪ್ಪು ಲೆಕ್ಕ. ಮೂರು ತಗಡುಗಳಲ್ಲಿ ಬರೆದಿದ್ದದ್ದು ಮೂರು ಬೇರೆ ಬೇರೆ ಅಳತೆಗಳು. ಅಷ್ಟೇ ಅಲ್ಲ, ಒಂದು ಅಚ್ಚು ತಿರುಗಿಸುವ ಶಕ್ತಿ, ಇನ್ನೊಂದು ತಂತಿ ಹೊರಬಲ್ಲ ಹೊರೆ, ಮತ್ತೊಂದು ಮೋಟಾರು ತನ್ನ ಅಚ್ಚಿನ ಮೇಲೆ ಕೊಡುವ ಶಕ್ತಿ. ಇವುಗಳನ್ನು ಒಂದೇ ಭಾಷೆಗೆ ತಂದ ಮೇಲಷ್ಟೇ ಈ ಕೆಲಸ ನೆಟ್ಟಗಾಯಿತು. ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟ ಆ ಲೆಕ್ಕಗಳನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಎಂಜಿನ್ ತಿರುಗದಂತೆ ಹಿಡಿದುಕೊಂಡಿತ್ತು. ಸಿಲಿಂಡರಿನ ತಲೆ ಬಿಚ್ಚಿ, ಪಿಸ್ಟನ್ ಮೇಲೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು ಎರಡು ದಿನ ನೆನೆಯಲು ಬಿಟ್ಟೆವು. ಮೂರನೆಯ ದಿನ ಫ್ಲೈವ್ಹೀಲನ್ನು ಹಿಡಿದು ಹಿಂದೆ ಮುಂದೆ ತೂಗಿದಾಗ ಅಂಗುಲ ಅಂಗುಲವಾಗಿ ಬಿಟ್ಟುಕೊಂಡಿತು. ಆಯಿಲ್ ಬದಲಿಸಿ, ಡೀಸೆಲ್ ಟ್ಯಾಂಕು ತೊಳೆದು, ಪೈಪಿನ ಗಾಳಿ ತೆಗೆದು, ಹ್ಯಾಂಡಲ್ ಹಾಕಿ ತಿರುಗಿಸಿದರೆ ಆರನೆಯ ಸಲಕ್ಕೆ ಹತ್ತಿಕೊಂಡಿತು. ಆ ಟಕ್ ಟಕ್ ಸದ್ದು ಕೇಳಿ ಅಮ್ಮ ಅಡುಗೆ ಮನೆಯಿಂದ ಹೊರಗೆ ಬಂದು ನಿಂತರು. ಅಜ್ಜ ಹೋದ ಮೇಲೆ ಆ ಸದ್ದು ಕೇಳಿದ್ದು ಅದೇ ಮೊದಲು.

ಓಡಿತು ಎನ್ನುವುದು ಒಂದು ಮಾತು, ಎಷ್ಟು ಎಳೆಯುತ್ತದೆ ಎನ್ನುವುದು ಬೇರೆ ಮಾತು. ತಗಡಿನಲ್ಲಿ ಎಂಟು ಎಂದಿರುವುದು ಎಂಜಿನ್ ಹೊಸದಾಗಿದ್ದಾಗಿನ ಮಾತು. ಇವತ್ತಿನ ಶಕ್ತಿಯನ್ನು ಅಳೆಯಲು ಹಗ್ಗದ ಬ್ರೇಕು ಕಟ್ಟಿದೆವು. ನನ್ನ ಜೊತೆ ಇದ್ದವರು ಇಬ್ಬರು: ಈ ಜಾತಿಯ ಎಂಜಿನ್ನುಗಳನ್ನು ನಲವತ್ತು ವರ್ಷದಿಂದ ಬಿಚ್ಚಿ ಕಟ್ಟುತ್ತಿರುವ ಊರಿನ ಮಿಸ್ತ್ರಿ, ಮತ್ತು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ತಂಗಿಯ ಮಗ.

ಹಗ್ಗದ ಬ್ರೇಕು ಹಳೆಯ ಉಪಾಯ. ಮಾಡಲು ಕಷ್ಟವಿಲ್ಲ, ಆದರೆ ಎಚ್ಚರ ಬೇಕು. ಫ್ಲೈವ್ಹೀಲಿನ ಅಡ್ಡಳತೆ 600 ಮಿಲಿಮೀಟರ್. ಅದರ ಸುತ್ತ 20 ಮಿಲಿಮೀಟರ್ ದಪ್ಪದ ಸೆಣಬಿನ ಹಗ್ಗವನ್ನು ಒಂದು ಸುತ್ತು ಹಾಕಿ, ಹಗ್ಗ ಪಕ್ಕಕ್ಕೆ ಜಾರದಂತೆ ಮೂರು ಕಡೆ ಹಲಸಿನ ಮರದ ತೋಡು ಕೊರೆದ ತುಂಡುಗಳನ್ನು ಕಟ್ಟಿದೆವು. ಹಗ್ಗದ ಒಂದು ತುದಿಯಲ್ಲಿ ಅಡಿಕೆ ತೂಗುವ ಕಬ್ಬಿಣದ ತೂಕದ ಕಲ್ಲುಗಳು ನೇತಾಡುತ್ತವೆ. ಇನ್ನೊಂದು ತುದಿ ಮೇಲಿನ ತೊಲೆಗೆ ಕಟ್ಟಿದ ಸ್ಪ್ರಿಂಗ್ ತಕ್ಕಡಿಗೆ. ಚಕ್ರ ತಿರುಗುತ್ತಾ ಕಲ್ಲುಗಳನ್ನು ಎತ್ತಲು ನೋಡುತ್ತದೆ, ಹಗ್ಗ ಉಜ್ಜುತ್ತದೆ, ಆ ಉಜ್ಜುವಿಕೆಯೇ ಎಂಜಿನ್ನಿಗೆ ಹೊರೆ. ಕಲ್ಲಿನ ತೂಕದಲ್ಲಿ ತಕ್ಕಡಿ ತೋರಿಸುವುದನ್ನು ಕಳೆದರೆ ಚಕ್ರ ನಿಜವಾಗಿ ಎಳೆಯುತ್ತಿರುವ ಭಾರ ಸಿಗುತ್ತದೆ. ಕಲ್ಲುಗಳು ಹಾರಿಹೋಗದಂತೆ ಕೆಳಗಡೆ ನೆಲದ ಗೂಟಕ್ಕೆ ಸಡಿಲವಾದ ಸರಪಳಿ ಕಟ್ಟಿದ್ದೆವು. ಅದಿಲ್ಲದೆ ಯಾರೂ ಇದನ್ನು ಮಾಡಬಾರದು. ಹಗ್ಗ ಚಕ್ರಕ್ಕೆ ಕಚ್ಚಿಕೊಂಡರೆ ಇಪ್ಪತ್ತು ಕಿಲೋ ಕಬ್ಬಿಣ ಮುಖದ ಮಟ್ಟಕ್ಕೆ ಎದ್ದು ಬರುತ್ತದೆ.

ಒಂದೊಂದೇ ಕಲ್ಲು ಸೇರಿಸುತ್ತಾ ಹೋದೆವು. ಅಳಿಯ ಫ್ಲೈವ್ಹೀಲಿಗೆ ಅಂಟಿಸಿದ ಹೊಳೆಯುವ ಪಟ್ಟಿಗೆ ಟ್ಯಾಕೋಮೀಟರ್ ಹಿಡಿದು ವೇಗ ಕೂಗುತ್ತಿದ್ದ. ಐದು ಕಿಲೋಗೆ 871, ಹತ್ತಕ್ಕೆ 864. ಹಗ್ಗದಿಂದ ಹೊಗೆ ಏಳತೊಡಗಿತು, ಸುಟ್ಟ ಗೋಣಿಚೀಲದ ವಾಸನೆ. ಮಿಸ್ತ್ರಿ ಚೊಂಬಿನಿಂದ ಚಕ್ರದ ಅಂಚಿಗೆ ನೀರು ಹನಿಸಿದರೆ ಹನಿ ತಾಗುವ ಮೊದಲೇ ಚುಂಯ್ ಎಂದು ಆವಿಯಾಗುತ್ತಿತ್ತು. ಕಲ್ಲು 20 ಕಿಲೋ ಆದಾಗ ತಕ್ಕಡಿ 4 ಕಿಲೋ ತೋರಿಸಿತು, ವೇಗ 850. ಇನ್ನೊಂದು ಕಿಲೋ ಸೇರಿಸಿದ ಕೂಡಲೇ ಸೈಲೆನ್ಸರಿನಿಂದ ಕಾಡಿಗೆಯಂಥ ಕಪ್ಪು ಹೊಗೆ ಬಂತು, ವೇಗ 800ರ ಕೆಳಗೆ ಜಾರಿತು. ಅಲ್ಲಿಗೆ ಅದರ ಮಿತಿ ತಿಳಿಯಿತು. ನಿವ್ವಳ ಭಾರ 16 ಕಿಲೋ.

ಈಗ ಲೆಕ್ಕ. ಚಕ್ರದ ನಡುವಿನಿಂದ ಹಗ್ಗದ ನಡುವಿನವರೆಗೆ 310 ಮಿಲಿಮೀಟರ್. ಒಂದು ಸುತ್ತಿಗೆ ಹಗ್ಗದಡಿ ಹಾಯುವ ಅಂಚು 1.948 ಮೀಟರ್. ನಿಮಿಷಕ್ಕೆ 850 ಸುತ್ತು ಎಂದರೆ ಸೆಕೆಂಡಿಗೆ 27.6 ಮೀಟರ್. ಅಂದರೆ ಎಂಜಿನ್ 16 ಕಿಲೋ ಭಾರವನ್ನು ಸೆಕೆಂಡಿಗೆ 27.6 ಮೀಟರ್ ಎತ್ತುವಷ್ಟು ಕೆಲಸ ಮಾಡುತ್ತಿದೆ. ಮಿಸ್ತ್ರಿ ತಮ್ಮ ಎಣ್ಣೆ ಮೆತ್ತಿದ ಪುಸ್ತಕ ತೆಗೆದು, ಭಾರ, ಸುತ್ತಳತೆ, ವೇಗ ಮೂರನ್ನೂ ಗುಣಿಸಿ 4500ರಿಂದ ಭಾಗಿಸಿದರು. 5.89 ಎಚ್‌ಪಿ ಬಂತು. ಅಳಿಯ ಮೊಬೈಲಿನಲ್ಲಿ ನ್ಯೂಟನ್, ಮೀಟರು ಎಲ್ಲ ಹಾಕಿ 4.33 ಕಿಲೋವ್ಯಾಟ್ ಎಂದ, ಅದನ್ನು 0.746ರಿಂದ ಭಾಗಿಸಿ 5.80 ಎಚ್‌ಪಿ ಎಂದ.

"ನಿನ್ನದು ತಪ್ಪಿದೆ, ಇನ್ನೊಮ್ಮೆ ನೋಡು" ಎಂದರು ಮಿಸ್ತ್ರಿ.

"ಎರಡು ಸಲ ನೋಡಿದೆ ಮಿಸ್ತ್ರಿಗಳೇ. ಮಾವ, ನೀವೇ ಹೇಳಿ, ಎಚ್‌ಪಿ ಎಂದರೆ 746 ವ್ಯಾಟ್ ತಾನೇ?"

ಇಬ್ಬರೂ ಸರಿ. ಅವರಿಬ್ಬರ ಕುದುರೆಗಳು ಬೇರೆ ಬೇರೆ. ಮಿಸ್ತ್ರಿಗಳ 4500 ಎಂದರೆ ನಿಮಿಷಕ್ಕೆ 4500 ಕಿಲೋಗ್ರಾಂ-ಮೀಟರ್ ಕೆಲಸ, ಸೆಕೆಂಡಿಗೆ 75. ಎಪ್ಪತ್ತೈದು ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಒಂದು ಎಚ್‌ಪಿ. ಇದು ಯುರೋಪಿನ ಮೆಟ್ರಿಕ್ ಅಶ್ವಶಕ್ತಿ, 735.5 ವ್ಯಾಟ್. ಕಾರುಗಳ ವಿವರಣೆಯಲ್ಲಿ ಪಿಎಸ್ ಎಂದು ಬರೆಯುವುದು ಇದನ್ನೇ, ಜರ್ಮನ್ ಭಾಷೆಯಲ್ಲಿ ಕುದುರೆಯ ಬಲ ಎಂಬ ಮಾತಿನ ಮೊದಲಕ್ಷರಗಳು. ಅಳಿಯನದು ಜೇಮ್ಸ್ ವಾಟ್ ಕಟ್ಟಿದ ಬ್ರಿಟಿಷ್ ಅಶ್ವಶಕ್ತಿ. ಗಿರಣಿ ತಿರುಗಿಸಲು ಕುದುರೆ ಕಟ್ಟುತ್ತಿದ್ದವರಿಗೆ ತನ್ನ ಉಗಿ ಎಂಜಿನ್ ಎಷ್ಟು ಕುದುರೆಗೆ ಸಮ ಎಂದು ಹೇಳಬೇಕಿತ್ತು, ಅದಕ್ಕಾಗಿ ಆತ ನಿಮಿಷಕ್ಕೆ 33,000 ಅಡಿ-ಪೌಂಡು ಎಂಬ ಲೆಕ್ಕ ಹಿಡಿದ. ಸೆಕೆಂಡಿಗೆ 550. ಇದನ್ನು ಕಿಲೋ ಮತ್ತು ಮೀಟರಿಗೆ ತಂದರೆ 76.04 ಬರುತ್ತದೆ, ವ್ಯಾಟಿನಲ್ಲಿ 745.7. ಅಂದರೆ ಬ್ರಿಟಿಷ್ ಕುದುರೆ ಮೆಟ್ರಿಕ್ ಕುದುರೆಗಿಂತ ಒಂದು ಕಿಲೋ ಮೇಲಿಷ್ಟು ಹೆಚ್ಚು ಎತ್ತುತ್ತದೆ. ನೂರಕ್ಕೆ ಒಂದೂವರೆಯಷ್ಟೂ ವ್ಯತ್ಯಾಸವಿಲ್ಲ. ನಮ್ಮ ಎಂಟು ಎಚ್‌ಪಿ ಎಂಜಿನ್ನಿನ ತಗಡಿನಲ್ಲಿ ಯಾವ ಕುದುರೆ ಎಂದು ಬರೆದಿಲ್ಲ. ಮೆಟ್ರಿಕ್ ಆದರೆ 5.88 ಕಿಲೋವ್ಯಾಟ್, ಬ್ರಿಟಿಷ್ ಆದರೆ 5.97. ನಡುವಿನ ಅಂತರ ಒಂದು ಹಳೆಯ ಬಲ್ಬಿನಷ್ಟು. ಶೆಡ್ಡಿನ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ, ಆದರೆ ಜಗಳ ಎಲ್ಲಿಂದ ಬಂತೆಂದು ತಿಳಿದರೆ ಮನಸ್ಸಿಗೆ ನೆಮ್ಮದಿ. ಮಿಸ್ತ್ರಿಗಳು ಕೂಡ ಸೀಮೆಸುಣ್ಣ ಎತ್ತಿಕೊಂಡು ಗೋಡೆಯ ಮೇಲೆ 75 ಮತ್ತು 76 ಎಂದು ಅಕ್ಕಪಕ್ಕ ಬರೆದರು. ಅವತ್ತಿನಿಂದ ಈ ಕೆಲಸದಲ್ಲಿ ಎಚ್‌ಪಿ ಎಂಬ ಮಾತನ್ನೇ ಬಿಟ್ಟು ಎಲ್ಲವನ್ನೂ ವ್ಯಾಟಿನಲ್ಲಿ ಬರೆಯುವುದೆಂದು ಮೂವರೂ ಒಪ್ಪಿಕೊಂಡೆವು.

ನಮ್ಮ ನಾಲಿಗೆಯಿಂದ ಎಚ್‌ಪಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅದು ಬೇರೆ ವಿಚಾರ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 147 ಕಿಲೋಮೀಟರ್ ದೂರ ಕರೆಂಟು ಹರಿಸಿದಾಗ ಅದನ್ನು ಮಾರಿದ್ದು ಅಶ್ವಶಕ್ತಿಯ ಲೆಕ್ಕದಲ್ಲೇ. ಇವತ್ತಿಗೂ ರಾಜ್ಯದಲ್ಲಿ ಉಚಿತ ವಿದ್ಯುತ್ ಸಿಗುವುದು 10 ಎಚ್‌ಪಿವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ. ಅಂಗಡಿಯಲ್ಲಿ ನಿಂತು "ಏಳೂವರೆ ಎಚ್‌ಪಿ ಕೊಡಿ" ಎಂದರೆ ತಿಳಿಯುತ್ತದೆ, "ಐದೂವರೆ ಕಿಲೋವ್ಯಾಟ್ ಕೊಡಿ" ಎಂದರೆ ಹುಡುಗ ಯಜಮಾನರನ್ನು ಕರೆಯುತ್ತಾನೆ. ಮೋಟಾರಿನ ತಗಡಿನಲ್ಲಿ ಎರಡೂ ಇರುತ್ತವೆ: 3ಕ್ಕೆ 2.2, 5ಕ್ಕೆ 3.7, 7.5ಕ್ಕೆ 5.5, 10ಕ್ಕೆ 7.5. ಗುಣಿಸಿ ನೋಡಿದರೆ ಯಾವುದೂ ಕರಾರುವಾಕ್ಕಾಗಿ ಹೊಂದುವುದಿಲ್ಲ, ಸಮೀಪದ ಅಂಕಿಗೆ ಇಳಿಸಿಯೋ ಏರಿಸಿಯೋ ಮುದ್ರಿಸಿರುತ್ತಾರೆ. ಅದರಲ್ಲಿ ಮೋಸವಿಲ್ಲ.

4.33 ಕಿಲೋವ್ಯಾಟ್ ಎಂದರೆ ತಗಡಿನ ಮಾತಿನ ಮುಕ್ಕಾಲು ಪಾಲೂ ಇಲ್ಲ. ಕಪ್ಪು ಹೊಗೆ ಕಾರಣ ಹೇಳುತ್ತಿತ್ತು: ಡೀಸೆಲ್ ಹೋಗುತ್ತಿದೆ, ಸರಿಯಾಗಿ ಉರಿಯುತ್ತಿಲ್ಲ. ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನು ಬಿಚ್ಚಿ ಪೈಪಿಗೆ ಹೊರಗಡೆಯೇ ಸಿಕ್ಕಿಸಿ ಹ್ಯಾಂಡಲ್ ತಿರುಗಿಸಿದಾಗ ಮಂಜಿನಂತೆ ಚಿಮ್ಮಬೇಕಾದ ಡೀಸೆಲ್ ಒಂದು ಕಡೆ ದಾರದಂತೆ ಹರಿಯಿತು, ಚಿಮ್ಮುವಿಕೆ ನಿಂತ ಮೇಲೂ ತುದಿಯಲ್ಲಿ ಹನಿ ತೂಗಾಡುತ್ತಿತ್ತು. ಆ ಚಿಮ್ಮುವಿಕೆಯ ಹತ್ತಿರ ಕೈ ಒಯ್ಯಬಾರದು, ಚರ್ಮದೊಳಕ್ಕೆ ಡೀಸೆಲ್ ನುಗ್ಗುವಷ್ಟು ಒತ್ತಡ ಅದಕ್ಕಿದೆ. ಶಿವಮೊಗ್ಗದಲ್ಲಿ ಹೊಸ ನಾಝಲ್ ಹಾಕಿಸಿ ಒತ್ತಡ ಸರಿ ಮಾಡಿಸಿಕೊಂಡು ಬಂದೆ. ಅಷ್ಟರಲ್ಲಿ ಮಿಸ್ತ್ರಿಗಳು ವಾಲ್ವುಗಳನ್ನು ಉಜ್ಜಿ ಕೂರಿಸಿ, ಸಂದು ಸರಿಪಡಿಸಿದ್ದರು. ಗಾಳಿ ಫಿಲ್ಟರಿನ ಬಟ್ಟಲಿನಲ್ಲಿ ಎಣ್ಣೆಯ ಬದಲು ಹನ್ನೆರಡು ವರ್ಷದ ಕೆಸರು ಗಟ್ಟಿಯಾಗಿ ಕೂತಿತ್ತು, ಅದನ್ನು ಕೆರೆದು ತೆಗೆದದ್ದು ಅಳಿಯ.

ಮತ್ತೆ ಹಗ್ಗ, ಮತ್ತೆ ಕಲ್ಲು. ಈ ಸಲ ಹೊಗೆ ತಿಳಿಬೂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ನಿವ್ವಳ ಭಾರ 21 ಕಿಲೋ ಆಗಿತ್ತು, ವೇಗ 850. ಲೆಕ್ಕಕ್ಕೆ 5.68 ಕಿಲೋವ್ಯಾಟ್. ನೀರು ಕಾಯಿಸುವ ಒಂದು ಕಿಲೋವ್ಯಾಟಿನ ಐದು ಕಾಯಿಲುಗಳನ್ನು ಒಟ್ಟಿಗೆ ಹಾಕಿದರೂ ಅಷ್ಟು ಬಿಸಿಯಾಗುವುದಿಲ್ಲ. ಎರಡು ನಿಮಿಷದಲ್ಲಿ ಫ್ಲೈವ್ಹೀಲಿನ ಅಂಚು ಮುಟ್ಟಲಾರದಷ್ಟು ಕಾದಿತ್ತು. ಅಜ್ಜನ ಎಂಜಿನ್ ಅಜ್ಜನ ಕಾಲದ ಶಕ್ತಿಗೆ ಹತ್ತಿರ ಬಂತು.

ಆಲ್ಟರ್ನೇಟರ್ ಕಟ್ಟುವ ಕೆಲಸ ಬೇಗ ಮುಗಿಯಿತು. ಅದರ ರಾಟೆ 200 ಮಿಲಿಮೀಟರ್. ಎಂಜಿನ್ನಿನ 850ರಿಂದ 1500ಕ್ಕೆ ಏರಿಸಲು ಎಂಜಿನ್ ರಾಟೆ 353 ಇರಬೇಕು. ಬೆಲ್ಟು ಸ್ವಲ್ಪ ಜಾರುತ್ತದೆಂದು 355ಕ್ಕೆ ಲೇಥಿನಲ್ಲಿ ತಿರುವಿಸಿದೆ, ಮೂರು ವಿ-ಬೆಲ್ಟುಗಳು. ಹೊರೆಯಿಲ್ಲದೆ 52 ಹರ್ಟ್ಸ್ ಇಟ್ಟುಕೊಂಡರೆ ಹೊರೆ ಬಿದ್ದಾಗ 50ಕ್ಕೆ ಇಳಿಯುತ್ತದೆ. ಕಂಬದಿಂದ ಬರುವ ಲೈನಿಗೂ ನಮ್ಮ ಜನರೇಟರಿಗೂ ಎಂದೂ ಸಂಪರ್ಕವಾಗದಂತೆ ಚೇಂಜ್‌ಓವರ್ ಸ್ವಿಚ್ ಹಾಕಿಸಿದ್ದೇನೆ. ಇದರಲ್ಲಿ ಉಳಿತಾಯ ನೋಡಬಾರದು. ಕರೆಂಟು ಇಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವದ ಪ್ರಶ್ನೆ ಅದು.

ಪೆಟ್ಟು ತಿಂದದ್ದು ಇದಾದ ಮೇಲೆ. ಆಲ್ಟರ್ನೇಟರ್ 5 ಕೆವಿಎ, ಮೋಟಾರು 2.2 ಕಿಲೋವ್ಯಾಟ್. ಎರಡು ಪಟ್ಟಿಗಿಂತ ಹೆಚ್ಚಿದೆ ಎಂಬ ಧೈರ್ಯದಲ್ಲಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದೆ. ಎಂಜಿನ್ ಒಮ್ಮೆ ನರಳಿತು. ಶೆಡ್ಡಿನ ಬಲ್ಬು ಕೆಂಪಾಗಿ ಕುಗ್ಗಿತು. ಕೆಳಗೆ ಹಳ್ಳದ ಹತ್ತಿರ ಸ್ಟಾರ್ಟರ್ ಕಟಕಟನೆ ಹಲ್ಲು ಕಡಿದಂತೆ ಬಡಿದುಕೊಂಡು ಬಿಟ್ಟಿತು. ಇನ್ನೊಮ್ಮೆ ಒತ್ತಿದರೂ ಅದೇ. ವೋಲ್ಟ್‌ಮೀಟರ್ 415ರಿಂದ 240ಕ್ಕೆ ಬಿದ್ದಿತ್ತು.

ನಾನು ಕೆವಿಎಯನ್ನು ಕಿಲೋವ್ಯಾಟ್ ಎಂದು ಓದಿದ್ದೆ. ಕೆವಿಎ ಎಂದರೆ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದ ಹೊರೆ. ತಂತಿಯಲ್ಲಿ ಹರಿಯುವ ಕರೆಂಟೆಲ್ಲ ಕೆಲಸ ಮಾಡುವುದಿಲ್ಲ, ಮೋಟಾರಿನ ಸುರುಳಿಗಳಲ್ಲಿ ಕಾಂತಶಕ್ತಿ ಕಟ್ಟಲು ಒಂದು ಪಾಲು ಹೋಗಿ ಬಂದು ಮಾಡುತ್ತಿರುತ್ತದೆ. ಆ ಪಾಲು ಡೀಸೆಲ್ ತಿನ್ನುವುದು ಅಲ್ಪ, ಆದರೆ ತಂತಿಯನ್ನೂ ಆಲ್ಟರ್ನೇಟರನ್ನೂ ಬಿಸಿ ಮಾಡುತ್ತದೆ, ಜಾಗ ಹಿಡಿಯುತ್ತದೆ. ಒಟ್ಟು ಹೊರೆಯಲ್ಲಿ ಕೆಲಸಕ್ಕೆ ಬರುವ ಪಾಲೇ ಪವರ್ ಫ್ಯಾಕ್ಟರ್. ಆದ್ದರಿಂದ 0.8 ಪವರ್ ಫ್ಯಾಕ್ಟರಿನಲ್ಲಿ 5 ಕೆವಿಎಯಿಂದ ಸಿಗುವ ನಿಜವಾದ ಶಕ್ತಿ 4 ಕಿಲೋವ್ಯಾಟ್ ಮಾತ್ರ. ಅತ್ತ ಮೋಟಾರಿನ 2.2 ಎನ್ನುವುದು ಅದು ಕೊಡುವ ಶಕ್ತಿ, ತೆಗೆದುಕೊಳ್ಳುವುದಲ್ಲ. ಓಡುವಾಗ ಅದಕ್ಕೆ 4.7 ಆಂಪಿಯರ್ ಬೇಕು. 415 ವೋಲ್ಟಿನಿಂದಲೂ ಮೂರು ಫೇಸಿನ 1.732ರಿಂದಲೂ ಗುಣಿಸಿದರೆ 3.38 ಕೆವಿಎ. ಅಷ್ಟಕ್ಕೆ ಐದು ಸಾಕು. ಸಾಲದೆ ಹೋದದ್ದು ಹೊರಡುವ ಗಳಿಗೆಯಲ್ಲಿ. ನಿಂತ ಮೋಟಾರು ನೇರವಾಗಿ ಹೊರಡುವಾಗ ಆರು ಪಟ್ಟು ಕರೆಂಟು ಎಳೆಯುತ್ತದೆ, ಸುಮಾರು 28 ಆಂಪಿಯರ್, 20 ಕೆವಿಎ. ನಮ್ಮ ಆಲ್ಟರ್ನೇಟರ್ ಹೊರಬಲ್ಲದ್ದು ಸುಮಾರು 7 ಆಂಪಿಯರ್.

ಆಲ್ಟರ್ನೇಟರ್ ಬದಲಿಸಿ ಇಮ್ಮಡಿ ದೊಡ್ಡದು ತನ್ನಿ ಎಂಬ ಸಲಹೆ ಬಂತು. ನಾನು ಮೊದಲು ಮೋಟಾರಿನ ಡಬ್ಬಿ ತೆರೆದು ನೋಡಿದೆ. ಸುರುಳಿಗಳ ಆರು ತುದಿಗಳೂ ಹೊರಗೆ ಬಂದಿದ್ದವು, ಡೆಲ್ಟಾ ಜೋಡಣೆ. ಹಾಗಿದ್ದರೆ ಮೊದಲು ಸುರುಳಿಗಳನ್ನು ಸ್ಟಾರ್ ಜೋಡಣೆಯಲ್ಲಿ ಕಡಿಮೆ ವೋಲ್ಟೇಜಿಗೆ ಹೊರಡಿಸಿ, ಆಮೇಲೆ ಡೆಲ್ಟಾಕ್ಕೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಬಹುದು. ಸ್ಟಾರ್‌ನಲ್ಲಿ ಹೊರಟರೆ ಕರೆಂಟು ಮೂರನೆಯ ಒಂದು ಪಾಲು, 9.4 ಆಂಪಿಯರ್. ನಾಲ್ಕೈದು ಸೆಕೆಂಡಿಗೆ ಅಷ್ಟನ್ನು ಆಲ್ಟರ್ನೇಟರ್ ತಾಳಿಕೊಳ್ಳುತ್ತದೆ. ತಿರುಗುಬಲವೂ ಮೂರನೆಯ ಒಂದಕ್ಕೆ ಇಳಿಯುವುದರಿಂದ ಡೆಲಿವರಿ ವಾಲ್ವ್ ಮುಚ್ಚಿಟ್ಟು ಹೊರಡಿಸಬೇಕು. ಈ ಜಾತಿಯ ಪಂಪಿಗೆ ನೀರು ಹರಿಯದಿದ್ದಾಗಲೇ ಹೊರೆ ಕಡಿಮೆ. ಪೂರ್ತಿ ವೇಗಕ್ಕೆ ಬಂದ ಮೇಲೆ ನಿಧಾನವಾಗಿ ವಾಲ್ವ್ ತೆರೆದರಾಯಿತು. ಫೆಬ್ರವರಿಯ ಎರಡನೆಯ ಭಾನುವಾರ ಹಾಗೆ ಮಾಡಿದಾಗ ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು, ಅಷ್ಟೇ. ಐದು ನಿಮಿಷದ ಮೇಲೆ ಮೇಲಿನ ತೊಟ್ಟಿಯಲ್ಲಿ ನೀರು ಬಿದ್ದ ಸದ್ದು ಮನೆಯವರೆಗೂ ಕೇಳಿತು.

ಇದೇ ಹೊತ್ತಿನಲ್ಲಿ ಬೆಂಗಳೂರಿನಿಂದ ಬಂದಿದ್ದ ಭಾವ, ಈ ಜನರೇಟರಿನಲ್ಲಿ ಒಂದೂವರೆ ಟನ್ನಿನ ಎಸಿ ಓಡುತ್ತದೆಯೇ ಎಂದು ಕೇಳಿದರು. ಅದೂ ಶಕ್ತಿಯ ಅಳತೆಯೇ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು (ಬಿಸಿಯ ಬ್ರಿಟಿಷ್ ಅಳತೆ), 3.517 ಕಿಲೋವ್ಯಾಟ್. ಹಾಗಾಗಿ ಒಂದೂವರೆ ಟನ್ 5.28 ಕಿಲೋವ್ಯಾಟ್ ಆಗುತ್ತದೆ, ಆದರೆ ಅದು ಕೋಣೆಯಿಂದ ಹೊರಹಾಕುವ ಬಿಸಿಯ ಲೆಕ್ಕ. ಕರೆಂಟಿನಲ್ಲಿ ಅದು ತಿನ್ನುವುದು ಅದರ ಮೂರನೆಯ ಒಂದು ಪಾಲಿನ ಆಸುಪಾಸು. ಎಸಿ ಓಡೀತು ಎಂದೆ.

ಪಂಪು ಓಡತೊಡಗಿದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಎಂಜಿನ್ನಿನಿಂದ ತೊಟ್ಟಿಯವರೆಗಿನ ಶಕ್ತಿಯನ್ನು ಹಂತಹಂತವಾಗಿ ಅಳೆದು ಗೋಡೆಯ ಮೇಲೆ ಬರೆಯಬೇಕೆನಿಸಿತು.

ತೊಟ್ಟಿಯ ಬಳಿಯಿಂದ ಶುರು ಮಾಡಿದೆವು. ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ಮು ಹಿಡಿದರೆ ತುಂಬಲು 36 ಸೆಕೆಂಡು, ಅಂದರೆ ಸೆಕೆಂಡಿಗೆ 5.56 ಲೀಟರ್. ಪಂಪಿನ ಬಳಿಯ ಒತ್ತಡದ ಗೇಜು ಚದರ ಸೆಂಟಿಮೀಟರಿಗೆ 1.9 ಕಿಲೋ ತೋರಿಸುತ್ತಿತ್ತು, ಅದು 19 ಮೀಟರ್ ನೀರಿನ ಎತ್ತರಕ್ಕೆ ಸಮ. ಹಳ್ಳದ ನೀರಿನಿಂದ ಪಂಪಿನವರೆಗೆ 3 ಮೀಟರ್. ಒಟ್ಟು 22. ನೀರಿನ ಶಕ್ತಿ ಲೆಕ್ಕ ಹಾಕುವುದು ಸುಲಭ: ಲೀಟರನ್ನು ಮೀಟರಿನಿಂದ ಗುಣಿಸಿ, 9.81ರಿಂದ ಗುಣಿಸಿದರೆ ವ್ಯಾಟ್. 1200 ಬಂತು. ಮಿಸ್ತ್ರಿಗಳ ಪುಸ್ತಕದಲ್ಲಿ ಇದೇ ಸೂತ್ರ 75ರಿಂದ ಭಾಗಿಸುವ ರೂಪದಲ್ಲಿತ್ತು, 1.63 ಎಚ್‌ಪಿ. ಮತ್ತೆ ಅದೇ ಮೆಟ್ರಿಕ್ ಕುದುರೆ. ಅಂದಹಾಗೆ ಪಂಪಿನಿಂದ ತೊಟ್ಟಿ ಇರುವುದು 15 ಮೀಟರ್ ಎತ್ತರದಲ್ಲಿ. ಉಳಿದ 4 ಮೀಟರ್ 120 ಮೀಟರ್ ಉದ್ದದ ಎರಡೂವರೆ ಇಂಚಿನ ಪೈಪಿನ ಉಜ್ಜುವಿಕೆಗೆ ಹೋಗುತ್ತಿದೆ.

ಮೋಟಾರು ಎಳೆಯುವ ಶಕ್ತಿಯನ್ನು ಅಳೆಯಲು ಒಂದು ಮೀಟರು ಸಾಕು. ಜನರೇಟರಿನ ಲೈನಿಗೆ ಹಾಕಿಸಿದ ಚೆಕ್ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 1600 ಮಿಟುಕು ಎಂದು ಬರೆದಿದೆ. ಯೂನಿಟ್ ಎಂದರೆ ಕಿಲೋವ್ಯಾಟ್-ಗಂಟೆ. ಅದು ಶಕ್ತಿ ಬಳಕೆಯ ಒಟ್ಟು ಮೊತ್ತ, ವೇಗವಲ್ಲ. ಎಷ್ಟು ಬೇಗ ಮಿಟುಕುತ್ತದೆ ಎಂಬುದರಲ್ಲಿ ಕಿಲೋವ್ಯಾಟ್ ಅಡಗಿದೆ. ಅಳಿಯ ಕೆಂಪು ದೀಪವನ್ನು ನೋಡುತ್ತಾ ಅರವತ್ತು ಎಣಿಸಿದ, ನಾನು ಗಡಿಯಾರ ಹಿಡಿದೆ: 49 ಸೆಕೆಂಡು. 60ನ್ನು 1600ರಿಂದ ಭಾಗಿಸಿ, 3600ರಿಂದ ಗುಣಿಸಿ, 49ರಿಂದ ಭಾಗಿಸಿದರೆ 2.755 ಕಿಲೋವ್ಯಾಟ್. ತಂತಿಗೆ ಕಚ್ಚಿಸಿ ಆಂಪಿಯರ್ ಓದುವ ಟಾಂಗ್ ಟೆಸ್ಟರಿನಿಂದ ಅಳೆದ 3.38 ಕೆವಿಎಯನ್ನು ಇದರ ಪಕ್ಕದಲ್ಲಿಟ್ಟರೆ ಪವರ್ ಫ್ಯಾಕ್ಟರ್ 0.815. ಎರಡು ಬೇರೆ ದಾರಿಯಿಂದ ಅಳೆದದ್ದು ಹೀಗೆ ಹೊಂದಿಕೊಂಡಾಗ ಆಗುವ ಸಂತೋಷ ದೊಡ್ಡದು. ಮನೆಯಲ್ಲಿ ಯಾವ ಯಂತ್ರ ಎಷ್ಟು ವ್ಯಾಟ್ ತಿನ್ನುತ್ತದೆಂದು ತಿಳಿಯಲು ನಿಮ್ಮ ಮೀಟರಿನಲ್ಲೂ ಇದನ್ನು ಮಾಡಬಹುದು. ಮಿಟುಕಿನ ಸಂಖ್ಯೆ ಮೀಟರಿನಿಂದ ಮೀಟರಿಗೆ ಬೇರೆ ಇರುತ್ತದೆ, ಮುಖದ ಮೇಲೆ ಓದಿಕೊಳ್ಳಿ.

ಇಂಥ ಚಿಕ್ಕ ಮೋಟಾರಿನ ದಕ್ಷತೆ ನೂರಕ್ಕೆ ಎಂಬತ್ತು ಎಂದು ಹಿಡಿದರೆ ಅಚ್ಚಿನ ಮೇಲೆ 2.2 ಕಿಲೋವ್ಯಾಟ್, ತಗಡಿನ ಮಾತೇ ಬಂತು. ಆಲ್ಟರ್ನೇಟರಿಗೂ ಎಂಬತ್ತು, ಬೆಲ್ಟಿಗೆ ತೊಂಬತ್ತೈದು. ಹಿಂದಕ್ಕೆ ಹೋಗುತ್ತಾ ಭಾಗಿಸಿದರೆ ಎಂಜಿನ್ ಕೊಡುತ್ತಿರುವುದು 3.62 ಕಿಲೋವ್ಯಾಟ್. ಮೂರು ಎಚ್‌ಪಿಯ ಪಂಪಿಗೆ ಐದು ಎಚ್‌ಪಿಯಷ್ಟು ಎಂಜಿನ್ ಶಕ್ತಿ ಹೋಗುತ್ತಿದೆ. ನಾಝಲ್ ಬದಲಿಸುವ ಮೊದಲು ಇದನ್ನು ಕಟ್ಟಿದ್ದರೆ 4.33ರಲ್ಲಿ 3.62 ಹೋಗಿ, ಎಂಜಿನ್ ದಿನವಿಡೀ ಏದುಸಿರು ಬಿಡುತ್ತಿತ್ತು.

ಕೊನೆಯದು ಡೀಸೆಲ್. ಟ್ಯಾಂಕಿನ ಪೈಪು ಕಳಚಿ, ಗೆರೆ ಹಾಕಿದ ಬಾಟಲಿಯಿಂದ 250 ಮಿಲಿಲೀಟರ್ ಕುಡಿಸಿದೆವು. ಹನ್ನೆರಡೂವರೆ ನಿಮಿಷಕ್ಕೆ ಕೆಳಗಿನ ಗೆರೆ ಮುಟ್ಟಿತು. ಗಂಟೆಗೆ 1.2 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 8,600 ಕಿಲೋಕ್ಯಾಲರಿ ಬಿಸಿ, ಒಂದು ಕಿಲೋವ್ಯಾಟ್ ಎಂದರೆ ಗಂಟೆಗೆ 860 ಕಿಲೋಕ್ಯಾಲರಿ. ಆದ್ದರಿಂದ ಲೀಟರಿಗೆ ಹತ್ತು ಯೂನಿಟ್ ಎಂದು ನೆನಪಿಟ್ಟುಕೊಳ್ಳುವುದು ಸುಲಭ. ನಮ್ಮ ಎಂಜಿನ್ ಗಂಟೆಗೆ 12 ಯೂನಿಟ್ ತಿನ್ನುತ್ತಿದೆ, ಎಂದರೆ 12 ಕಿಲೋವ್ಯಾಟ್.

ಗೋಡೆಯ ಮೇಲೆ ಒಂದರ ಕೆಳಗೊಂದು ಬರೆದೆ: 12,000. 3,620. 2,755. 2,200. 1,200. ಎಲ್ಲವೂ ವ್ಯಾಟ್. ಎಂಟು, ಐದು, ಮೂರು ಎಂಬ ಅಂಕಿಗಳಲ್ಲಿ ಕಾಣದಿದ್ದದ್ದು ಇಲ್ಲಿ ಎದ್ದು ಕಂಡಿತು. ಡೀಸೆಲಿನ ಹತ್ತನೆಯ ಒಂದು ಪಾಲು ಮಾತ್ರ ನೀರಿಗೆ ಸೇರುತ್ತಿದೆ. ಎಂಜಿನ್ನಿನೊಳಗಿನ ನಷ್ಟಕ್ಕೆ ನಾನೇನೂ ಮಾಡಲಾರೆ. ಆದರೆ 3,620ರಿಂದ 2,200ಕ್ಕೆ ಇಳಿಯುವ ನಡುವೆ ಹೋದ 1,420 ವ್ಯಾಟ್ ಇದೆಯಲ್ಲ, ಅದು ತಿರುಗುವ ಶಕ್ತಿಯನ್ನು ಕರೆಂಟು ಮಾಡಿ, ಆ ಕರೆಂಟನ್ನು ಮತ್ತೆ ತಿರುಗುವ ಶಕ್ತಿ ಮಾಡಿದ್ದಕ್ಕೆ ತೆತ್ತ ಬೆಲೆ. ನೀರಿಗೆ ಸೇರುವ ಶಕ್ತಿಗಿಂತ ಅದೇ ಹೆಚ್ಚು.

ಅಳಿಯ ಬಹಳ ಹೊತ್ತು ಆ ಅಂಕಿಗಳನ್ನು ನೋಡಿ, "ಮಾವ, ಎಂಜಿನ್ನನ್ನೇ ಹಳ್ಳದ ದಡಕ್ಕೆ ಒಯ್ದು ಬೆಲ್ಟಿನಲ್ಲಿ ನೇರವಾಗಿ ಪಂಪು ತಿರುಗಿಸಿದರೆ?" ಎಂದ.

ಬೆಲ್ಟಿನ ನಷ್ಟ ಸೇರಿಸಿದರೂ ಎಂಜಿನ್ನಿನಿಂದ 2,320 ವ್ಯಾಟ್ ಸಾಕು. ಹೊರೆ ಕಡಿಮೆಯಾದಾಗ ಎಂಜಿನ್ ತುಸು ಹೆಚ್ಚು ತಿನ್ನುತ್ತದೆಂದು ಲೆಕ್ಕ ಹಿಡಿದರೂ ಗಂಟೆಗೆ ಒಂದು ಲೀಟರಿಗಿಂತ ಕಡಿಮೆ ಡೀಸೆಲ್. ಮೋಟಾರು, ಪಂಪು ಒಂದೇ ಅಚ್ಚಿನಲ್ಲಿರುವ ಮೊನೊಬ್ಲಾಕ್ ಇದಕ್ಕೆ ಆಗುವುದಿಲ್ಲ, 1500 ವೇಗದ ಬೆಲ್ಟಿನ ಪಂಪು ಬೇಕು. ಈಗ ತಿರುವಿಸಿರುವ 355ರ ರಾಟೆಯೇ ಅದಕ್ಕೂ ಹೊಂದುತ್ತದೆ. ಆಲ್ಟರ್ನೇಟರ್ ಮನೆಯ ದೀಪಕ್ಕೆ, ಮಿಕ್ಸಿಗೆ, ಕರೆಂಟು ಹೋದ ಮಳೆಗಾಲದ ರಾತ್ರಿಗಳಿಗೆ ಉಳಿಯಲಿ. ಹಾಗಾದರೆ ಎಂಜಿನ್ ಎರಡೂ ಕಡೆ ಓಡಾಡುವಂತಿರಬೇಕು. ಮಿಸ್ತ್ರಿಗಳು ನಿನ್ನೆ ಸಂಜೆ ಬಂದು ತೋಟದ ದಾರಿಯ ಅಗಲ ಅಳೆದು ಹೋಗಿದ್ದಾರೆ. ಕಾಲುಸಂಕದ ಬಳಿ ನಾಲ್ಕು ಅಡಿ ಎರಡು ಇಂಚು ಇದೆ, ಚಕ್ರಗಳ ನಡುವೆ ಮೂರೂಮುಕ್ಕಾಲು ಅಡಿ ಇಟ್ಟು ಗಾಡಿಯ ಚಾಸಿ ಬೆಸೆಯಲು ಹಳೆಯ ಕಬ್ಬಿಣದ ಚಾನೆಲ್ ಹುಡುಕುತ್ತಿದ್ದೇವೆ.